ಹಳೆಯ ಭವ್ಯ ಚಿತ್ರಮಂದಿರಗಳಲ್ಲಿ ಯಾವ ಚಿತ್ರ, ಎಷ್ಟು ವಾರ: ತೀರ್ಮಾನ ಯಾರದಾಗಿತ್ತು?

ಪ್ರಶ್ನೆ: ಹಳೇ ಟಿಕೆಟು

ನಮಸ್ಕಾರ. ನಮ್ಮ ಸೋದರಮಾವ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಪತ್ರಿಕೆಗಳಿಂದ ಕತ್ತರಿಸಿ ಇಟ್ಟುಕೊಂಡಿದ್ದ ಸಿನಿಮಾ ಜಾಹೀರಾತುಗಳ ಒಂದು ಕಟ್ಟು ಸಿಕ್ಕಿತು. ಹೆಚ್ಚಿನವು 1970ರ ದಶಕದ ಬೆಂಗಳೂರಿನವು. ಉಳಿದವು ಅವರ ತಂದೆಯವರು ಮುಂಬಯಿಯಲ್ಲಿ ನೌಕರಿಯಲ್ಲಿದ್ದಾಗ ಕೂಡಿಟ್ಟ 1940ರ ದಶಕದವು. ತಾರೀಖಿನ ಪ್ರಕಾರ ಜೋಡಿಸುತ್ತ ಹೋದಂತೆ ಎರಡು ಸಂಗತಿಗಳು ನನಗೆ ಒಗಟಾಗಿ ಕಂಡವು.

ಮೊದಲನೆಯದು, ಮುಂಬಯಿಯ ಮೆಟ್ರೊ ಚಿತ್ರಮಂದಿರದ ಜಾಹೀರಾತುಗಳಲ್ಲೆಲ್ಲ ಹಾಲಿವುಡ್ಡಿನ ಎಂ.ಜಿ.ಎಂ. ಚಿತ್ರಸಂಸ್ಥೆಯ ಸಿಂಹವೇ ಇದೆ. ಬೇರೆ ಸಂಸ್ಥೆಯ ಒಂದೇ ಒಂದು ಚಿತ್ರವೂ ಈ ಕಟ್ಟಿನಲ್ಲಿ ಕಾಣಲಿಲ್ಲ. ಎರಡನೆಯದು ಇನ್ನೂ ವಿಚಿತ್ರ. 1927ರಲ್ಲಿ ಆರಂಭವಾದ ನ್ಯೂಯಾರ್ಕಿನ ರಾಕ್ಸಿ ಚಿತ್ರಮಂದಿರದಲ್ಲಿ 5,920 ಆಸನಗಳಿದ್ದವಂತೆ. ಅಂಥ ಅರಮನೆಯಲ್ಲಿ ಸಾಮಾನ್ಯವಾಗಿ ಒಂದು ಚಿತ್ರ ಒಂದು ವಾರವೋ ಎರಡು ವಾರವೋ ಇದ್ದು ಹೊರಟುಹೋಗುತ್ತಿತ್ತು. ನಮ್ಮ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿಯಾದರೋ 1972ರ ‘ಬಂಗಾರದ ಮನುಷ್ಯ’ ಎರಡು ವರ್ಷ ನಡೆಯಿತು. ಅಷ್ಟು ದೊಡ್ಡ ಮಂದಿರದಲ್ಲಿ ನಿಲ್ಲದ ಚಿತ್ರ ಇಷ್ಟು ಚಿಕ್ಕದರಲ್ಲಿ ಹೇಗೆ ನಿಂತಿತು? ಯಾವ ಚಿತ್ರ ಬರಬೇಕು, ಯಾವಾಗ ಹೋಗಬೇಕು ಎಂಬುದನ್ನು ಮಂದಿರದ ಮಾಲೀಕರು ತೀರ್ಮಾನಿಸುತ್ತಿದ್ದರೇ, ಚಿತ್ರ ಕೊಡುವವರೇ? ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಶಿಕಾಗೊ ಕನ್ನಡಿಗ

ನಿಮ್ಮ ಎರಡನೆಯ ಒಗಟಿನಲ್ಲಿ ಅರ್ಧ ಭಾಗ ಬರೀ ಲೆಕ್ಕ. ರಾಕ್ಸಿಯಲ್ಲಿ ದಿನಕ್ಕೆ ನಾಲ್ಕು ಆಟ ಎಂದು ಇಟ್ಟುಕೊಂಡರೂ ವಾರಕ್ಕೆ 1,65,760 ಆಸನಗಳಾಗುತ್ತವೆ. ಬೆಂಗಳೂರಿನ ಚಿತ್ರಮಂದಿರಕ್ಕೆ ಸಾವಿರ ಆಸನ, ದಿನಕ್ಕೆ ನಾಲ್ಕು ಆಟ ಎಂದು ಹಿಡಿದು 104 ವಾರಕ್ಕೆ ಗುಣಿಸಿದರೆ ಸುಮಾರು 29 ಲಕ್ಷ. ರಾಕ್ಸಿ ಅಷ್ಟು ಜನರನ್ನು 18 ವಾರದೊಳಗೆ ಕೂರಿಸಿ ಕಳುಹಿಸಬಲ್ಲದು. ಮಂದಿರ ದೊಡ್ಡದಾದಷ್ಟೂ ಚಿತ್ರ ಬೇಗ ಸವೆಯುತ್ತದೆ.

ಉಳಿದರ್ಧ ವ್ಯವಹಾರದ ಮಾತು. ಅಮೆರಿಕದ ಆ ಅರಮನೆಗಳಲ್ಲಿ ಬಹುಪಾಲು ಚಿತ್ರ ತಯಾರಿಸುವ ಸಂಸ್ಥೆಗಳ ಕೈಯಲ್ಲೇ ಇದ್ದವು. ಇದು ಶುರುವಾದ ಬಗೆ ಸ್ವಾರಸ್ಯಕರವಾಗಿದೆ. ಪ್ಯಾರಾಮೌಂಟ್ ಚಿತ್ರಸಂಸ್ಥೆಯನ್ನು ಕಟ್ಟಿದ ಅಡಾಲ್ಫ್ ಜೂಕರ್ 1910ರ ದಶಕದಲ್ಲಿ ಮೇರಿ ಪಿಕ್‌ಫರ್ಡ್ ಅವರಂಥ ತಾರೆಯ ಚಿತ್ರ ಬೇಕಾದರೆ ತಮ್ಮ ಉಳಿದ ಚಿತ್ರಗಳನ್ನೂ ಒಟ್ಟಿಗೆ ತೆಗೆದುಕೊಳ್ಳಬೇಕೆಂದು ಪ್ರದರ್ಶಕರಿಗೆ ಕರಾರು ಹಾಕುತ್ತಿದ್ದರು. ಇದಕ್ಕೆ ಬ್ಲಾಕ್ ಬುಕಿಂಗ್ ಎಂದು ಹೆಸರು. ಸಂತೆಯಲ್ಲಿ ಒಳ್ಳೆಯ ಮಾವು ಬೇಕೆಂದರೆ ಬುಟ್ಟಿಯನ್ನೇ ಎತ್ತಬೇಕು ಎನ್ನುವ ಹಾಗೆ. ಎಷ್ಟೋ ಸಲ ಬುಟ್ಟಿಯ ಚಿತ್ರಗಳು ಇನ್ನೂ ತಯಾರೇ ಆಗಿರುತ್ತಿರಲಿಲ್ಲ. ಬೇಸತ್ತ ಪ್ರದರ್ಶಕರು 1917ರಲ್ಲಿ ಫಸ್ಟ್ ನ್ಯಾಷನಲ್ ಎಂಬ ತಮ್ಮದೇ ಕೂಟ ಕಟ್ಟಿಕೊಂಡು ಚಿತ್ರಗಳನ್ನು ತಾವೇ ಕೊಳ್ಳತೊಡಗಿದಾಗ, ಜೂಕರ್ ಅದಕ್ಕೆ ಪ್ರತಿಯಾಗಿ ಚಿತ್ರಮಂದಿರಗಳನ್ನೇ ಖರೀದಿಸಲು ಹೊರಟರು. 1925ರ ಹೊತ್ತಿಗೆ ನಮ್ಮ ಶಿಕಾಗೊದ ಬಾಲಬನ್ ಮತ್ತು ಕಾಟ್ಜ್ ಸರಣಿಯೂ ಅವರ ಕಡೆಗೆ ಸೇರಿತು. ಬಾಲಬನ್ ಮತ್ತು ಕಾಟ್ಜ್ 1921ರಲ್ಲಿ ಕಟ್ಟಿದ ಶಿಕಾಗೊ ಥಿಯೇಟರ್ ಇಂದಿಗೂ ಸ್ಟೇಟ್ ಸ್ಟ್ರೀಟಿನಲ್ಲಿದೆ. ಈಗ ಅಲ್ಲಿ ಸಂಗೀತ ಕಾರ್ಯಕ್ರಮಗಳು ನಡೆಯುತ್ತವೆ. ಕಳೆದ ವರ್ಷ ಒಳಗೆ ಹೋಗಿದ್ದಾಗ ನಾನು ವೇದಿಕೆಗಿಂತ ಹೆಚ್ಚು ಹೊತ್ತು ಚಾವಣಿಯನ್ನೇ ನೋಡಿದೆ.

ಈ ಏರ್ಪಾಡಿನಲ್ಲಿ ಅರಮನೆಗೆ ಬಂದ ಚಿತ್ರ ಅಲ್ಲಿ ಬೇರೂರಬೇಕೆಂಬ ಆಸೆ ಯಾರಿಗೂ ಇರಲಿಲ್ಲ. ಮೊದಲ ಓಟ, ಅಂದರೆ ಚಿತ್ರದ ಮೊದಲ ಸುತ್ತಿನ ಪ್ರದರ್ಶನ, ದುಬಾರಿ ಟಿಕೆಟಿನ ದೊಡ್ಡ ಮಂದಿರದಲ್ಲಿ. ಅದು ಮುಗಿದ ಮೇಲೆ ಕ್ಲಿಯರೆನ್ಸ್ ಎಂಬ ಗೊತ್ತುಪಡಿಸಿದ ಬಿಡುವು. ಬಳಿಕ ಬಡಾವಣೆಯ ಮಂದಿರದಲ್ಲಿ ಎರಡನೆಯ ಓಟ. ಹೀಗೆ ದರ ಇಳಿಯುತ್ತ ಇಳಿಯುತ್ತ ಕೊನೆಯ ಓಟದವರೆಗೆ. ಕಾಯಲಾರದವರು ಹೆಚ್ಚು ಕೊಟ್ಟು ಮೊದಲು ನೋಡುತ್ತಿದ್ದರು. ಸಂಸ್ಥೆಯಿಂದ ವಾರಕ್ಕೊಂದರಂತೆ ಹೊಸ ಚಿತ್ರ ಬರುತ್ತಲೇ ಇದ್ದುದರಿಂದ ಹಳೆಯದು ಜಾಗ ಬಿಡಲೇಬೇಕು. 1932ರ ಡಿಸೆಂಬರಿನಲ್ಲಿ ತೆರೆದ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿ ಹತ್ತು ವರ್ಷಗಳ ನಂತರ ‘ರ‍್ಯಾಂಡಮ್ ಹಾರ್ವೆಸ್ಟ್’ ಎಂಬ ಚಿತ್ರ 11 ವಾರ ನಡೆದದ್ದೇ ಆಗ ದೊಡ್ಡ ಸುದ್ದಿ.

ಕೊನೆಗೆ ಈ ಕಟ್ಟನ್ನು ಬಿಚ್ಚಿದ್ದು ನ್ಯಾಯಾಲಯ. 1948ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಪ್ಯಾರಾಮೌಂಟ್ ಮೊಕದ್ದಮೆಯಲ್ಲಿ ಬ್ಲಾಕ್ ಬುಕಿಂಗನ್ನು ಕಾನೂನುಬಾಹಿರವೆಂದು ಸಾರಿತು. ಅದರ ಬೆನ್ನಿಗೇ ಐದು ದೊಡ್ಡ ಸಂಸ್ಥೆಗಳು ಚಿತ್ರಮಂದಿರಗಳ ಒಡೆತನದಿಂದ ಬೇರ್ಪಡಬೇಕಾಯಿತು. ದೇಶದ ಚಿತ್ರಮಂದಿರಗಳಲ್ಲಿ ಅವುಗಳ ಪಾಲು ಆರರಲ್ಲೊಂದಕ್ಕಿಂತ ತುಸು ಹೆಚ್ಚಷ್ಟೇ. ಆದರೆ ಒಂದು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳ ಮೊದಲ ಓಟದ ಮಂದಿರಗಳಲ್ಲಿ ಸುಮಾರು ಶೇ. 70ರಷ್ಟು ಅವುಗಳ ಹಿಡಿತದಲ್ಲಿದ್ದವು. ಹೊಡೆತ ಬಿದ್ದದ್ದು ಅರಮನೆಗಳಿಗೇ. ಟೆಲಿವಿಷನ್ನೂ ಜೊತೆಗೂಡಿತು, ರಾಕ್ಸಿಯನ್ನು 1960ರಲ್ಲಿ ಕೆಡವಿದರು.

ಉತ್ತರ: ಗಿರಗಾಂವದ ಗುಂಡಣ್ಣ

ಮೆಟ್ರೊದ ವಿಷಯ ಮೇಲಿನವರ ಮಾತಿನಲ್ಲಿಯೇ ಬಹಳ ಮಟ್ಟಿಗೆ ಬಗೆಹರಿದಿದೆ. ಕಲಕತ್ತೆಯ ಮೆಟ್ರೊ (1935) ಮತ್ತು ಮುಂಬಯಿಯ ಮೆಟ್ರೊ (1938) ಎರಡನ್ನೂ ಎಂ.ಜಿ.ಎಂ. ತಾನೇ ಕಟ್ಟಿಸಿತು, ವಿನ್ಯಾಸ ಮಾಡಿದವರು ಅಮೆರಿಕದ ಅನೇಕ ಸಿನಿಮಾ ಅರಮನೆಗಳ ವಾಸ್ತುಶಿಲ್ಪಿ ಥಾಮಸ್ ಲ್ಯಾಂಬ್. ತನ್ನ ಅಂಗಡಿಯಲ್ಲಿ ಬೇರೆಯವರ ಸರಕನ್ನು ಯಾರು ಇಡುತ್ತಾರೆ? ಸಂಸ್ಥೆಯ ಒಡೆತನದಲ್ಲಿದ್ದಷ್ಟು ಕಾಲ ಅದು ಮುಂಬಯಿಯಲ್ಲಿ ನಿಂತಿದ್ದ ಹಾಲಿವುಡ್ಡಿನ ಒಂದು ತುಂಡೇ ಆಗಿತ್ತು.

ರೀಗಲ್ (1933), ಇರಾಸ್ (1938) ಇವೆರಡೂ ಇಲ್ಲಿಯವರು ಕಟ್ಟಿದವು. ಆದರೂ ಅವು ನೆಚ್ಚಿಕೊಂಡಿದ್ದು ಇಂಗ್ಲಿಷ್ ಚಿತ್ರಗಳನ್ನೇ. ಹಿಂದಿ ಚಿತ್ರಗಳಿಗೆ ಲ್ಯಾಮಿಂಗ್ಟನ್ ರಸ್ತೆಯ ಕಡೆಯ ಮಂದಿರಗಳು; ತಣ್ಣನೆಯ ಗಾಳಿ, ಅಮೃತಶಿಲೆಯ ಮೆಟ್ಟಿಲುಗಳೆಲ್ಲ ಕೋಟೆ ಭಾಗದ ಇಂಗ್ಲಿಷ್ ಮಂದಿರಗಳಿಗೆ. ಹಿಂದಿ ಚಿತ್ರಕ್ಕೂ ಅಂಥ ಅರಮನೆ ಇರಲೆಂದೇ 1949ರಲ್ಲಿ ಲಿಬರ್ಟಿ ಬಂತು. ಮೊದಲ ಚಿತ್ರ ‘ಅಂದಾಜ್’. ಸ್ವಾತಂತ್ರ್ಯ ಬಂದ ಹೊಸತು, ಹೆಸರೂ ಅದಕ್ಕೆ ತಕ್ಕುದೇ.

ಲಿಬರ್ಟಿಯಿಂದ ಬುಕಿಂಗಿನ ಇನ್ನೊಂದು ಪಾಠವೂ ಸಿಗುತ್ತದೆ. 1994ರಲ್ಲಿ ‘ಹಮ್ ಆಪ್ಕೆ ಹೈ ಕೌನ್’ ಚಿತ್ರವನ್ನು ಮುಂಬಯಿಯಲ್ಲಿ ಮೊದಲು ಲಿಬರ್ಟಿಯೊಂದರಲ್ಲೇ ತೆರೆ ಕಾಣಿಸಿದರು. ಎಲ್ಲ ಕಡೆ ಒಮ್ಮೆಗೇ ಹರಡುವ ಬದಲು ಬೇಡಿಕೆ ಕುದಿಯಲು ಬಿಟ್ಟು, ಬಳಿಕ ನಿಧಾನವಾಗಿ ಬೇರೆ ಮಂದಿರಗಳಿಗೆ ಕೊಟ್ಟರು. ಲಿಬರ್ಟಿಯಲ್ಲಿ ಅದು ನೂರು ವಾರ ದಾಟಿತು. ಜನಪ್ರಿಯತೆಯ ಜೊತೆಗೆ ಅದನ್ನು ಎಲ್ಲೆಲ್ಲಿ ಕೊಡಲಿಲ್ಲ ಎಂಬುದೂ ಆ ಸಂಖ್ಯೆಯಲ್ಲಿ ಅಡಗಿದೆ.

ಉತ್ತರ: ನಿವೃತ್ತ ಮ್ಯಾನೇಜರ್

ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಚಿತ್ರಮಂದಿರದಲ್ಲಿ ನಾನು ಹನ್ನೊಂದು ವರ್ಷ ಮ್ಯಾನೇಜರ್ ಆಗಿದ್ದೆ. ಶಿಕಾಗೊದ ಮಿತ್ರರ ಲೆಕ್ಕ ಸರಿ. ಆದರೆ ಲೆಕ್ಕದಿಂದ ಮಾತ್ರ ನಮ್ಮ ಕಡೆಯ ಸಂಗತಿ ತಿಳಿಯುವುದಿಲ್ಲ. ಮೊದಲಿಗೆ ಒಂದು ಮಾತು: ಪ್ರೇಕ್ಷಕರಿಗೆ ಬುಕಿಂಗ್ ಎಂದರೆ ಟಿಕೆಟ್ ಕೊಡುವ ಕಿಂಡಿ, ನಮಗೆ ಬುಕಿಂಗ್ ಎಂದರೆ ಬೆಂಗಳೂರಿನ ಗಾಂಧಿನಗರಕ್ಕೆ ಹೋಗಿ, ಹಂಚಿಕೆದಾರರ ಕಚೇರಿಯ ಬೆಂಚಿನ ಮೇಲೆ ಕುಳಿತು, ಮುಂದಿನ ತಿಂಗಳುಗಳ ಚಿತ್ರಗಳನ್ನು ಗೊತ್ತು ಮಾಡಿಕೊಂಡು ಬರುವುದು.

ನಾವು ಗಾಂಧಿನಗರಕ್ಕೆ ಹೋಗುತ್ತಿದ್ದೆವು, ಏಕೆಂದರೆ ಚಿತ್ರ ಹಂಚಿಕೆಯ ಲೆಕ್ಕದಲ್ಲಿ ನಮ್ಮದು ಮೈಸೂರು ಪ್ರದೇಶ. ರಾಜ್ಯ ಒಂದಾದ ಮೇಲೂ ಸಿನಿಮಾ ವ್ಯಾಪಾರದ ನಕ್ಷೆ ಹಳೆಯದೇ ಉಳಿಯಿತು. ಹುಬ್ಬಳ್ಳಿ, ಬೆಳಗಾವಿಯ ಕಡೆ ಹಿಂದಿ ಚಿತ್ರದ ಹಕ್ಕು ಮುಂಬಯಿ ಪ್ರದೇಶದ ಜೊತೆಗೆ, ಕಲಬುರಗಿ, ರಾಯಚೂರಿನದು ನಿಜಾಮ್ ಪ್ರದೇಶದ ಜೊತೆಗೆ ಹೋಗುತ್ತಿತ್ತು.

ಒಪ್ಪಂದಗಳು ಮೂರು ನಾಲ್ಕು ಬಗೆ. ಹಂಚಿಕೆದಾರ ಮಂದಿರಕ್ಕೆ ವಾರಕ್ಕಿಷ್ಟೆಂದು ಬಾಡಿಗೆ ಕೊಟ್ಟು ಗಳಿಕೆಯನ್ನೆಲ್ಲ ತಾನೇ ಒಯ್ಯುವುದು ಒಂದು. ಗಳಿಕೆಯಲ್ಲಿ ಶೇಕಡಾವಾರು ಪಾಲು ಇನ್ನೊಂದು. ಮಂದಿರದವರೇ ಇಂತಿಷ್ಟು ಖಂಡಿತ ಕೊಡುತ್ತೇವೆಂದು ಮಿನಿಮಮ್ ಗ್ಯಾರಂಟಿ ಬರೆದುಕೊಡುವುದು ಮತ್ತೊಂದು. ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು ಹೋಲ್ಡ್ ಓವರ್ ಎಂಬ ಷರತ್ತು. ವಾರದ ಗಳಿಕೆ ಇಷ್ಟಕ್ಕಿಂತ ಕೆಳಗಿಳಿದರೆ ಮಾತ್ರ ಚಿತ್ರವನ್ನು ತೆಗೆಯಬಹುದು, ಮೇಲಿದ್ದರೆ ತೆಗೆಯುವಂತಿಲ್ಲ ಎಂದು ಒಂದು ಮೊತ್ತವನ್ನು ಮೊದಲೇ ಬರೆದಿಡುತ್ತಿದ್ದರು. ಆದ್ದರಿಂದ ಚಿತ್ರ ಯಾವಾಗ ಹೋಗಬೇಕೆಂಬುದು ಮಾಲೀಕನ ಇಷ್ಟವೂ ಅಲ್ಲ, ಹಂಚಿಕೆದಾರನ ಇಷ್ಟವೂ ಅಲ್ಲ. ಆ ಮೊತ್ತ ಮತ್ತು ಪ್ರೇಕ್ಷಕರು ಸೇರಿ ತೀರ್ಮಾನಿಸುತ್ತಿದ್ದರು. ಡಿ.ಸಿ.ಆರ್. ಎಂದು ಕರೆಯುತ್ತಿದ್ದ ದಿನದ ಗಳಿಕೆಯ ವರದಿಗೆ ಅಷ್ಟು ಬೆಲೆ ಬಂದದ್ದು ಇದರಿಂದ. ಅದನ್ನು ಪರಿಶೀಲಿಸಲು ಹಂಚಿಕೆದಾರರು ತಮ್ಮ ರೆಪ್ರೆಸೆಂಟೇಟಿವ್ ಒಬ್ಬನನ್ನು ಫಿಲ್ಮಿನ ಪೆಟ್ಟಿಗೆಯ ಜೊತೆಗೇ ಕಳುಹಿಸುತ್ತಿದ್ದರು. ನೂರು ದಿನದ ಪೋಸ್ಟರ್ ಹಾಕಬೇಕೆಂಬ ಹಟಕ್ಕೆ ಬಿದ್ದವರು ಕೊನೆಯ ವಾರಗಳಲ್ಲಿ ತಾವೇ ಟಿಕೆಟ್ ಕೊಂಡು ಮೊತ್ತ ತುಂಬಿಸಿದ್ದೂ ಉಂಟು. ಹೊರಗೆ ಹೌಸ್ ಫುಲ್ ಬೋರ್ಡು, ಒಳಗೆ ಫ್ಯಾನ್ ಸದ್ದು.

ಇನ್ನು ಪ್ರಿಂಟು. ಮೂರು ಗಂಟೆಯ ಚಿತ್ರಕ್ಕೆ ಸುಮಾರು ಹದಿನಾರು ಸಾವಿರ ಅಡಿ ಫಿಲ್ಮ್ ಬೇಕು. ಸಾವಿರ ಅಡಿಯ ಒಂದು ರೀಲು ಹನ್ನೊಂದು ನಿಮಿಷ ಓಡುತ್ತದೆ. ಪ್ರಿಂಟು ದುಬಾರಿಯಾದ್ದರಿಂದ ಕೆಲವೇ ಪ್ರತಿ ತೆಗೆಸಿ, ಒಂದನ್ನು ಕೆಂಪೇಗೌಡ ರಸ್ತೆಯ ಮುಖ್ಯ ಚಿತ್ರಮಂದಿರಕ್ಕೆ, ಉಳಿದವನ್ನು ಮೈಸೂರು, ದಾವಣಗೆರೆಯಂಥ ಊರುಗಳಿಗೆ ಕೊಡುತ್ತಿದ್ದರು. ನಮ್ಮಂಥ ಊರಿಗೆ ಬರುವ ಹೊತ್ತಿಗೆ ತಿಂಗಳುಗಳು ಕಳೆದು, ಫಿಲ್ಮಿನ ತುಂಬ ಗೀರುಗಳ ಮಳೆ ಸುರಿಯುತ್ತಿತ್ತು. ಕ್ಲಿಯರೆನ್ಸ್ ಎಂಬ ಪದ ನಮಗೆ ಗೊತ್ತಿರಲಿಲ್ಲ, ಕಾಯುವುದು ಮಾತ್ರ ಚೆನ್ನಾಗಿ ಗೊತ್ತಿತ್ತು. ನೋಡಲೇಬೇಕೆನ್ನುವವರು ಬಸ್ ಹತ್ತಿ ಬೆಂಗಳೂರಿಗೇ ಹೋಗುತ್ತಿದ್ದರು. ಒಂದೇ ಚಿತ್ರಮಂದಿರದಲ್ಲಿ ವರ್ಷಗಟ್ಟಲೆ ಓಡುವ ಚಿತ್ರಕ್ಕೆ ಆ ನಗರದವರಷ್ಟೇ ಪ್ರೇಕ್ಷಕರಲ್ಲ, ಸುತ್ತಲಿನ ಜಿಲ್ಲೆಗಳವರೂ ಪ್ರೇಕ್ಷಕರು.

ಒಂದು ಯುಗಾದಿಗೆ ನಮ್ಮ ಪೆಟ್ಟಿಗೆ ಬರಲೇ ಇಲ್ಲ. ಹಿಂದಿನ ಊರಿನಲ್ಲಿ ಚಿತ್ರ ಇನ್ನೂ ಹೋಲ್ಡ್ ಓವರ್‌ಗಿಂತ ಮೇಲೆಯೇ ಇತ್ತು, ಅವರು ಬಿಡಲಿಲ್ಲ. ಒಪ್ಪಂದದ ಪ್ರಕಾರ ಅವರದು ತಪ್ಪಲ್ಲ. ಹಬ್ಬದ ಹೊಸ ಬಟ್ಟೆ ಹಾಕಿಕೊಂಡು ಬಂದ ಜನಕ್ಕೆ ಅದನ್ನು ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು.

ಮರುಪ್ರಶ್ನೆ: ಹಳೇ ಟಿಕೆಟು

ಎಲ್ಲರಿಗೂ ಧನ್ಯವಾದಗಳು. ಮ್ಯಾನೇಜರ್ ಸಾರ್, ಒಂದು ಉಳಿಯಿತು. ಬುಟ್ಟಿಯನ್ನೇ ಎತ್ತಬೇಕೆಂಬ ಪದ್ಧತಿ ಗಾಂಧಿನಗರದಲ್ಲಿಯೂ ಇತ್ತೇ? ದೊಡ್ಡ ಮಂದಿರಗಳಿಗೆ ಚಿತ್ರ ಸಿಗದ ವಾರಗಳು ಬಂದರೆ ಏನು ಮಾಡುತ್ತಿದ್ದರು?

ಉತ್ತರ: ನಿವೃತ್ತ ಮ್ಯಾನೇಜರ್

ಕಾಗದದ ಮೇಲೆ ಇರಲಿಲ್ಲ, ಬಾಯಿಮಾತಿನಲ್ಲಿ ಇತ್ತು. ದೊಡ್ಡ ನಟರ ಚಿತ್ರ ಕೇಳಲು ಹೋದರೆ, ಹಿಂದಿನ ತಿಂಗಳು ನಮ್ಮ ಚಿಕ್ಕ ಚಿತ್ರಕ್ಕೆ ಜಾಗ ಕೊಡಲಿಲ್ಲವಲ್ಲ ಎಂದು ನೆನಪಿಸುತ್ತಿದ್ದರು. ಅಷ್ಟಕ್ಕೇ ನಮಗೆ ಅರ್ಥವಾಗುತ್ತಿತ್ತು. ಅದಕ್ಕೂ ಹಿಂದೆ ನಮ್ಮ ಭಾಷೆಯ ಚಿತ್ರಗಳಿಗೇ ಜಾಗ ಸಿಗದ ಕಾಲವಿತ್ತು. 1960ರ ದಶಕದ ಕನ್ನಡ ಚಳವಳಿಯ ಬೇಡಿಕೆಗಳಲ್ಲಿ ಕನ್ನಡ ಚಿತ್ರಗಳಿಗೆ ಚಿತ್ರಮಂದಿರ ಕೊಡಿ ಎಂಬುದೂ ಒಂದಾಗಿತ್ತು.

ಖಾಲಿ ವಾರಗಳಿಗೆ ಹಳೆಯ ಚಿತ್ರಗಳೇ ಗತಿ. 1968ರಲ್ಲಿ ಅಗಲ ಪರದೆಯ ಸಿನಿರಾಮಾ ಏರ್ಪಾಡಿನೊಂದಿಗೆ ತೆರೆದ, ಸಾವಿರಕ್ಕೂ ಮಿಕ್ಕಿ ಆಸನಗಳಿದ್ದ ಕಪಾಲಿಯಂಥ ಮಂದಿರವನ್ನು ವಾರವಿಡೀ ಮುಚ್ಚಿಡಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ. ನೌಕರರ ಸಂಬಳ, ವಿದ್ಯುತ್ತಿನ ಬಿಲ್ಲು ನಿಲ್ಲುವುದಿಲ್ಲವಲ್ಲ. ಹಳೆಯ ಚಿತ್ರಕ್ಕಾದರೆ ಪಾಲಿನ ತಕರಾರಿರಲಿಲ್ಲ, ವಾರಕ್ಕಿಷ್ಟು ಎಂದು ನಿಗದಿಯಾದ ಹಣ ಕೊಟ್ಟರೆ ಪೆಟ್ಟಿಗೆ ಬರುತ್ತಿತ್ತು. 1995ರ ‘ಓಂ’ ಅದೇ ಕಪಾಲಿಗೆ ಮತ್ತೆ ಮತ್ತೆ ಬಂದದ್ದನ್ನು ಬೆಂಗಳೂರಿನವರು ಮರೆತಿರಲಾರರು. ಬಂದಾಗಲೆಲ್ಲ ಮೊದಲ ದಿನ ಹಾಲಿನ ಅಭಿಷೇಕವೂ ನಡೆಯುತ್ತಿತ್ತು. ನಿಮ್ಮ ಕಟ್ಟಿನಲ್ಲಿರುವ ಬೆಂಗಳೂರಿನ ಜಾಹೀರಾತುಗಳ ಮೂಲೆಯನ್ನು ನೋಡಿ. ದಿನಕ್ಕೆ ನಾಲ್ಕು ಆಟವಿದ್ದದ್ದು ಬರೀ ಬೆಳಗಿನ ಆಟಕ್ಕೆ ಇಳಿದಿದ್ದರೆ, ಆ ಚಿತ್ರ ಹೋಲ್ಡ್ ಓವರ್‌ಗಿಂತ ಕೆಳಗೆ ಬಿದ್ದಿತ್ತೆಂದೂ, ವಾರದ ಎಣಿಕೆ ಮುರಿಯದಿರಲೆಂದು ಒಂದು ಆಟವನ್ನು ಉಳಿಸಿಕೊಂಡಿದ್ದರೆಂದೂ ಊಹಿಸಬಹುದು.