ಇತಾಲಿಯನ್ ಊಟದ ಪದಗಳು: ಪ್ರೀಮೊ, ಕೊಪೆರ್ತೊ, ಅಲ್ ದೆಂತೆ – ಕನ್ನಡದಲ್ಲಿ ಏನೆಂದು ಬರೆಯೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಪ್ರವಾಸ ಬರಹಗಳ ಸಂಕಲನವೊಂದರ ಕರಡು ತಿದ್ದುವ ಕೆಲಸ ಈಗ ನನ್ನ ಕೈಯಲ್ಲಿದೆ. ಅದರಲ್ಲಿರುವ ಒಂದು ಲೇಖನ ಪೂರ್ತಿಯಾಗಿ ಒಂದೇ ಊಟವನ್ನು ಕುರಿತದ್ದು. ಉತ್ತರ ಇಟಲಿಯ ಬೊಲೊನ್ಯಾ ನಗರದ ದುಬಾರಿ ರೆಸ್ಟೋರೆಂಟೊಂದರಲ್ಲಿ ತಾವೂ ತಮ್ಮ ಮನೆಯವರೂ ರಾತ್ರಿ ನಿಧಾನವಾಗಿ ಕುಳಿತು ಉಂಡದ್ದನ್ನು ಲೇಖಕಿ ತುಂಬ ಪ್ರೀತಿಯಿಂದ ಬರೆದಿದ್ದಾರೆ. ಆದರೆ ಊಟದ ಹಂತಗಳಿಗೆಲ್ಲ ಅವರು ಬಳಸಿರುವುದು ‘ಸ್ಟಾರ್ಟರ್’, ‘ಮೇನ್ ಕೋರ್ಸ್’, ‘ಡೆಸರ್ಟ್’ ಎಂಬ ನಮ್ಮ ನಗರಗಳ ಮೆನು ಕಾರ್ಡಿನ ಮಾತುಗಳನ್ನು. ಈ ಮಾತುಗಳು ಇಂಗ್ಲಿಷಿನವು ಎಂಬುದು ನನ್ನ ಆಕ್ಷೇಪವಲ್ಲ. ಅವು ಇತಾಲಿಯನ್ ಊಟದ ಕ್ರಮವನ್ನೇ ತಪ್ಪಾಗಿ ತೋರಿಸುತ್ತಿವೆ ಎಂಬುದು ನನ್ನ ಚಿಂತೆ.

ಅಲ್ಲಿಯ ಕ್ರಮ ಹೀಗಿದೆ. ಮೊದಲು ‘ಆಂತಿಪಾಸ್ತೊ’ ಬರುತ್ತದೆ. ಇಲ್ಲಿ ‘ಪಾಸ್ತೊ’ ಎಂದರೆ ಊಟ, ‘ಆಂತಿ’ ಎಂಬುದು ‘ಮುಂಚೆ’ ಎಂಬ ಅರ್ಥದ ಲ್ಯಾಟಿನ್ ರೂಪದಿಂದ ಬಂದದ್ದು. ಆದ್ದರಿಂದ ಕರಡಿನಲ್ಲಿರುವ ‘ಪಾಸ್ತಾಕ್ಕೆ ಮೊದಲು ಬರುವ ತಿಂಡಿ’ ಎಂಬ ವಿವರಣೆ ಸರಿಯಲ್ಲ. ‘ಮುನ್ನೂಟ’ ಎಂದರೆ ಅರ್ಥವೂ ಕೂಡಿಬರುತ್ತದೆ, ಕಿವಿಗೂ ಹಿತವಾಗಿದೆ. ಅನಂತರ ಬರುವುದು ‘ಪ್ರೀಮೊ’, ಅಂದರೆ ಪಾಸ್ತಾ, ರಿಸೊತ್ತೊ ಎಂಬ ಅಕ್ಕಿಯ ಖಾದ್ಯ ಅಥವಾ ಸೂಪು. ಆಮೇಲೆ ‘ಸೆಕೊಂದೊ’, ಅಂದರೆ ಮಾಂಸ ಅಥವಾ ಮೀನು. ಅದರ ಜೊತೆಗೆ, ಬೇರೆಯದೇ ತಟ್ಟೆಯಲ್ಲಿ, ತರಕಾರಿಯ ‘ಕೊಂತೊರ್ನೊ’ ಬರುತ್ತದೆ. ಕೊನೆಗೆ ಸಿಹಿ, ಕಾಫಿ. ಹೀಗಿರುವಾಗ ಪ್ರೀಮೊವನ್ನು ‘ಸ್ಟಾರ್ಟರ್’ ಎಂದರೆ ಅದು ಬರೀ ಬಾಯಿ ಆಡಿಸುವ ತಿನಿಸಾಗಿಬಿಡುತ್ತದೆ, ಸೆಕೊಂದೊವನ್ನು ‘ಮುಖ್ಯ ಊಟ’ ಎಂದರೆ ಪ್ರೀಮೊ ಅಮುಖ್ಯವಾಗುತ್ತದೆ. ಇಟಲಿಯವರ ಪಾಲಿಗೆ ಎರಡೂ ಸಮ. ಸಸ್ಯಾಹಾರಿಯಾದ ಲೇಖಕಿ ಸೆಕೊಂದೊ ಬೇಡವೆಂದು ಪ್ರೀಮೊ ಮತ್ತು ಕೊಂತೊರ್ನೊಗಳಲ್ಲೇ ಹೊಟ್ಟೆ ತುಂಬಿಸಿಕೊಂಡದ್ದನ್ನು ಓದಿದ ಕನ್ನಡದ ಓದುಗರು, ಪಾಪ, ಸ್ಟಾರ್ಟರ್ ತಿಂದು ಎದ್ದು ಬಂದರಲ್ಲ ಎಂದುಕೊಳ್ಳಬಾರದು.

‘ಕೋರ್ಸ್’ ಎಂಬುದಕ್ಕೆ ‘ಪಂಕ್ತಿ’ ಎಂದು ಬರೆಯಬಹುದೆಂಬ ಸಲಹೆ ಬಂದಿದೆ. ಆದರೆ ನಮ್ಮಲ್ಲಿ ಮೊದಲ ಪಂಕ್ತಿ, ಎರಡನೇ ಪಂಕ್ತಿ ಎಂದರೆ ಒಬ್ಬರು ಉಂಡೆದ್ದ ಮೇಲೆ ಇನ್ನೊಬ್ಬರು ಕೂರುವುದು. ‘ಸುತ್ತು’ ಎನ್ನೋಣವೆಂದರೆ ಎರಡನೇ ಸುತ್ತಿಗೆ ಬರುವುದು ಅದೇ ಸಾರು, ಅದೇ ಪಲ್ಯ. ಇತಾಲಿಯನ್ನಿನಲ್ಲಿ ಪೂರ್ಣ ಹೆಸರು ‘ಪ್ರೀಮೊ ಪಿಯಾತ್ತೊ’. ‘ಪಿಯಾತ್ತೊ’ ಎಂದರೆ ತಟ್ಟೆಯೂ ಹೌದು, ಅದರಲ್ಲಿ ಬರುವ ಭಕ್ಷ್ಯವೂ ಹೌದು. ಹಾಗಾಗಿ ‘ಮೊದಲ ತಟ್ಟೆ’, ‘ಎರಡನೆಯ ತಟ್ಟೆ’ ಎಂಬುದೇ ಸರಳವೂ ನಿಖರವೂ ಆಗಿ ನನಗೆ ತೋರುತ್ತದೆ. ಒಪ್ಪಿಗೆಯೇ?

ಮುಂದಿನದು ‘ಕೊಪೆರ್ತೊ’. ಬಿಲ್ಲಿನ ಮೊದಲ ಸಾಲಿನಲ್ಲಿ ತಲೆಗೆ ಇಷ್ಟು ಯೂರೊ ಎಂದು ಕಾಣುವ ಈ ಮೊತ್ತವನ್ನು ಕರಡಿನಲ್ಲಿ ‘ಟಿಪ್ಸ್’ ಎಂದು ಬರೆಯಲಾಗಿದೆ. ಅದು ಟಿಪ್ಸ್ ಅಲ್ಲ. ಮೇಜಿಗೆ ಬಟ್ಟೆ ಹಾಸಿ, ತಟ್ಟೆ, ಚಮಚ, ಲೋಟ ಜೋಡಿಸಿ, ಬ್ರೆಡ್ ಇಟ್ಟು ಒಬ್ಬರಿಗೆ ಜಾಗ ಅಣಿಮಾಡಿದ್ದಕ್ಕೆ ತೆಗೆದುಕೊಳ್ಳುವ ಹಣ ಅದು. ಬಡಿಸಿದ್ದಕ್ಕೆ ಹಣ ಹಾಕುವುದಾದರೆ ‘ಸೆರ್ವಿತ್ಸಿಯೊ’ ಎಂದು ಬೇರೆಯೇ ಬರೆಯುತ್ತಾರೆ. ರೋಮ್ ನಗರವಿರುವ ಲಾತ್ಸಿಯೊ ಪ್ರಾಂತ್ಯವು 2006ರ ಕಾನೂನಿನಲ್ಲಿ ಕೊಪೆರ್ತೊವನ್ನು ನಿಷೇಧಿಸಿದೆ, ಬ್ರೆಡ್ಡಿಗೆ ಹಣ ಕೇಳುವುದಕ್ಕೆ ಮಾತ್ರ ಅಡ್ಡಿಯಿಲ್ಲ; ಬೊಲೊನ್ಯಾದಲ್ಲಿ ಆ ಕಾನೂನು ಇಲ್ಲ. ಇನ್ನೊಂದು ಬಳಕೆಯನ್ನು ಗಮನಿಸಿ: ರೆಸ್ಟೋರೆಂಟೊಂದರಲ್ಲಿ ಎಷ್ಟು ಜನ ಕೂರಬಹುದು ಎಂಬುದನ್ನೂ ಇಟಲಿಯವರು ‘ಮೂವತ್ತು ಕೊಪೆರ್ತಿ’ ಎಂದು ಇದೇ ಪದದಿಂದ ಎಣಿಸುತ್ತಾರೆ. ನಮ್ಮ ಅಡುಗೆ ಕಂಟ್ರಾಕ್ಟರುಗಳು ಮದುವೆ ಒಪ್ಪಿಕೊಳ್ಳುವಾಗ ಆಡುವ ಮಾತು ನನಗೆ ಕೂಡಲೇ ನೆನಪಾಯಿತು. ‘ಎಷ್ಟು ಎಲೆ ಆಗಬಹುದು?’, ‘ಎಲೆಗೆ ಇಷ್ಟು ಬೀಳುತ್ತದೆ’ ಎಂದೇ ಅವರು ಲೆಕ್ಕ ಹೇಳುತ್ತಾರಲ್ಲವೇ? ಅಲ್ಲೂ ಎಲೆಯೆಂದರೆ ಒಬ್ಬರ ಜಾಗ, ಒಬ್ಬರ ಲೆಕ್ಕ. ಕೊಪೆರ್ತೊವನ್ನು ‘ಎಲೆಹಣ’ ಎನ್ನಬಹುದೇ? ಬಾಳೆಯೆಲೆಯೇ ಇಲ್ಲದ ಕಡೆ ಎಲೆ ಎಂಬ ಮಾತು ಹೊಂದೀತೇ ಎಂಬ ಒಂದು ಅಳುಕಿದೆ. ಆದರೆ ಕಂಟ್ರಾಕ್ಟರುಗಳು ಸ್ಟೀಲ್ ತಟ್ಟೆಯ ಊಟಕ್ಕೂ ಎಲೆಯೆಂದೇ ಎಣಿಸುವುದನ್ನು ನಾನು ಕೇಳಿದ್ದೇನೆ.

ಹೆಚ್ಚು ತಲೆ ತಿನ್ನುತ್ತಿರುವುದು ‘ಅಲ್ ದೆಂತೆ’. ಪದಶಃ ಅರ್ಥ ‘ಹಲ್ಲಿಗೆ’. ಗೋಧಿರವೆಯ ಒಣ ಪಾಸ್ತಾ ಬೆಂದು ಮೃದುವಾಗಿದ್ದರೂ ಕಚ್ಚಿದಾಗ ನಡುವೆ ಸಣ್ಣ ಬಿಗಿ ಉಳಿದಿರುವ ಹದ ಅದು. ಇಟಲಿಯಲ್ಲಿ ಒಣ ಪಾಸ್ತಾವನ್ನು ದುರುಂ ಎಂಬ ಗಟ್ಟಿ ಗೋಧಿಯ ರವೆಯಿಂದಲೇ ಮಾಡಬೇಕೆಂದು 1967ರಲ್ಲಿ ಕಾನೂನೇ ಬಂದಿತು. ಆ ಗೋಧಿಯ ಬಿಗಿಯಾದ ಅಂಟಿನಿಂದಾಗಿಯೇ ಕುದಿಯುವ ನೀರಿನಲ್ಲೂ ಪಾಸ್ತಾ ಕರಗದೆ ಈ ಹದಕ್ಕೆ ನಿಲ್ಲುತ್ತದೆ. ಬೇಯುತ್ತಿರುವ ಒಂದೆಳೆಯನ್ನು ತೆಗೆದು ತುಂಡರಿಸಿ ನೋಡಿದರೆ ನಡುವೆ ಬಿಳಿ ಚುಕ್ಕೆಯೊಂದು ಕಾಣುತ್ತದೆ. ಅದು ಕ್ಷಣಕ್ಷಣಕ್ಕೂ ಕಿರಿದಾಗುತ್ತಾ ಹೋಗಿ ಇನ್ನೇನು ಮಾಯವಾಗಬೇಕು ಎನ್ನುವಾಗ ಬಾಣಸಿಗ ಪಾಸ್ತಾವನ್ನು ನೀರಿನಿಂದೆತ್ತಿ ಸಾಸಿನ ಬಾಣಲೆಗೆ ಹಾಕುತ್ತಾನೆ.

ಕರಡಿನಲ್ಲಿ ಇದಕ್ಕೆ ‘ಅರೆಬೆಂದ ಪಾಸ್ತಾ’ ಎಂದಿದೆ. ಕನ್ನಡದಲ್ಲಿ ಅರೆಬೆಂದದ್ದು ಎಂದರೆ ಅಡುಗೆ ಕೆಟ್ಟಿತೆಂದೇ ಅರ್ಥ. ನಮ್ಮ ಕಡೆ ಒಳಗೆ ಗಟ್ಟಿ ಉಳಿದ ಅನ್ನಕ್ಕೆ ‘ಮುಳ್ಳಕ್ಕಿ’ ಎನ್ನುತ್ತಾರೆ, ಅದೂ ದೂರುವ ಮಾತು. ಅಲ್ ದೆಂತೆ ಹೊಗಳುವ ಮಾತು. ಬೇಯುವಿಕೆಯ ಹದಗಳನ್ನು ಹೆಸರಿಸುವುದರಲ್ಲಿ ಕನ್ನಡ ಬಡವಲ್ಲ: ಒಂದೆಳೆ ಪಾಕ, ಎರಡೆಳೆ ಪಾಕ, ಉಂಡೆ ಪಾಕ ಎಂದು ಬೆರಳ ತುದಿಯಲ್ಲಿ ಪರೀಕ್ಷಿಸಿ ಹೆಸರಿಟ್ಟವರು ನಮ್ಮ ಅಡುಗೆಯವರು. ‘ಕೈಗೆ ಅಂಟದ ಹದ’ ಎಂಬ ಮಾತೂ ನಮ್ಮಲ್ಲಿ ಇದೆ. ಅದೇ ಜಾಡಿನಲ್ಲಿ ‘ಹಲ್ಲಿಗೆ ಸಿಗುವ ಹದ’ ಎಂದರೆ ಹೇಗೆ? ‘ಕಡಲೆಬೇಳೆ ಹಲ್ಲಿಗೆ ಸಿಗುವಂತಿರಲಿ’ ಎಂದು ಹೇಳುವುದು ವಾಡಿಕೆಯಲ್ಲೇ ಇರುವುದರಿಂದ ಓದುಗರಿಗೆ ಅಡಿಟಿಪ್ಪಣಿಯೂ ಬೇಕಾಗದು ಎಂದು ನನ್ನ ಎಣಿಕೆ. ಬೊಲೊನ್ಯಾದ ಸ್ವಂತ ತಿನಿಸಾದ ತಾಲ್ಯತೆಲ್ಲೆ ಮಾತ್ರ ಮೆದು ಗೋಧಿಹಿಟ್ಟನ್ನು ಮೊಟ್ಟೆಯಲ್ಲಿ ಕಲಸಿ ಮಾಡುವ ಹಸಿ ಪಾಸ್ತಾ. ಬೆಂದ ಮೇಲೆ ಅದರ ಅಗಲ 8 ಮಿಲಿಮೀಟರ್ ಇರಬೇಕೆಂದು ಆ ನಗರದ ವಾಣಿಜ್ಯ ಮಂಡಳಿಯಲ್ಲಿ 1972ರಲ್ಲಿ ದಾಖಲಿಸಿದ್ದಾರೆ. ಲೇಖಕಿ ಅದಕ್ಕೂ ಒಣ ಪಾಸ್ತಾದ ಬಿಗಿಯನ್ನೇ ಹೇಳಿರುವುದನ್ನು ಅವರನ್ನು ಕೇಳಿಯೇ ತಿದ್ದುವೆ.

ರಿಸೊತ್ತೊ ವಿಷಯದಲ್ಲಿ ‘ಮಾಂತೆಕಾರೆ’ ಎಂಬ ಕ್ರಿಯಾಪದ ಬರುತ್ತದೆ: ಒಲೆಯಿಂದ ಇಳಿಸಿದ ಮೇಲೆ ತಣ್ಣನೆಯ ಬೆಣ್ಣೆ, ತುರಿದ ಚೀಸ್ ಹಾಕಿ ಬಿರುಸಾಗಿ ತಿರುವುವುದು. ‘ಬೆಣ್ಣೆ ಹಾಕಿ ಮಗುಚು’ ಎಂದರೆ ಸಾಕು.

ಕೊನೆಯದು, ಚೀಸ್. ಅದಕ್ಕೆ ‘ಗಿಣ್ಣು’ ಎಂದು ಬರೆಯುವ ರೂಢಿ ಕೆಲವೆಡೆ ಇದೆ. ಆದರೆ ಗಿಣ್ಣು ಎಂದರೆ ಈದ ಹಸುವಿನ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ್ದು ಎಂದೇ ನಮ್ಮ ಮನೆಗಳಲ್ಲಿ ತಿಳಿಯುತ್ತಾರೆ. ಕನಿಷ್ಠ 12 ತಿಂಗಳು ಮಾಗಬೇಕಾದ ಪಾರ್ಮಿಜಾನೊ ರೆಜ್ಜಾನೊ ಎಂಬ ಗಟ್ಟಿ ಚೀಸಿಗೆ ಆ ಹೆಸರು ಸಲ್ಲದು. ನಾನು ‘ಚೀಸ್’ ಎಂದೇ ಉಳಿಸುತ್ತೇನೆ. ಆದರೆ ಇದಕ್ಕಿಂತ ಮುಖ್ಯವಾದ ತೊಡಕು ಬೇರೆ. ಪಾರ್ಮಿಜಾನೊ ತಯಾರಿಕೆಯ ನಿಯಮದ ಪ್ರಕಾರ ಹಾಲನ್ನು ಒಡೆಯಲು ಬಳಸಬೇಕಾದ್ದು ಕರುವಿನ ಜಠರದಿಂದ ತೆಗೆದ ಕಿಣ್ವ. ಲೇಖನದಲ್ಲಿ ‘ಹೆಪ್ಪು ಹಾಕಿ ಮಾಡಿದ ಚೀಸ್’ ಎಂದಷ್ಟೇ ಇದೆ. ಹೆಪ್ಪು ಎಂದರೆ ಮೊಸರು ಎಂದು ನಂಬಿರುವ ಸಸ್ಯಾಹಾರಿ ಓದುಗರು ಇದನ್ನು ಓದಿ ನಿಶ್ಚಿಂತೆಯಿಂದ ತಿಂದರೆ ಅದರ ಹೊಣೆ ನಮ್ಮದು. ‘ಕರುವಿನ ಜಠರದ ಹೆಪ್ಪು’ ಎಂದು ಬಿಡಿಸಿ ಬರೆಯುವುದೋ, ಹೆಪ್ಪು ಎಂಬ ಮಾತನ್ನೇ ಬಿಟ್ಟು ಬೇರೊಂದನ್ನು ಹಿಡಿಯುವುದೋ? ಹೈನುಗಾರಿಕೆಯ ಪಾಠ ಹೇಳುವವರು ಬಳಗದಲ್ಲಿದ್ದರೆ ತರಗತಿಯಲ್ಲಿ ಯಾವ ಪದ ಬಳಸುತ್ತೀರಿ ಎಂದು ದಯವಿಟ್ಟು ತಿಳಿಸಿ. ಹಾಗೆಯೇ ‘ಮುಳ್ಳಕ್ಕಿ’, ‘ಹಲ್ಲಿಗೆ ಸಿಗು’ ಎಂಬ ಮಾತುಗಳು ನಿಮ್ಮ ನಿಮ್ಮ ಸೀಮೆಯಲ್ಲಿ ಯಾವ ಅರ್ಥದಲ್ಲಿ ನಡೆಯುತ್ತವೆ ಎಂಬುದನ್ನೂ, ಊರಿನ ಹೆಸರಿನೊಂದಿಗೆ, ಬರೆಯಬೇಕಾಗಿ ಕೋರುತ್ತೇನೆ.