ನಿಂತರೆ ಕಾಯುತ್ತದೆ, ಓಡಿದರೆ ತಣ್ಣಗಾಗುತ್ತದೆ: ಬೆಲ್ಲದ ಲಾರಿಯ ಎಂಜಿನ್‌ಗೆ ಏನಾಗಿದೆ?

ಬೆಲ್ಲದ ಲಾರಿ, ಮಂಡ್ಯ:

ಎಲ್ಲರಿಗೂ ನಮಸ್ಕಾರ. ನನ್ನದು 2009ರ ಆರು ಚಕ್ರದ ಲಾರಿ. ಆರು ಸಿಲಿಂಡರಿನ ಟರ್ಬೊ ಎಂಜಿನ್, ರೇಡಿಯೇಟರ್ ಮುಂದೆ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿಗಾಳಿಯನ್ನು ತಣಿಸುವ ಭಾಗ) ಇದೆ. ಕೊಂಡ ದಿನದಿಂದ ನಾನೇ ಓಡಿಸುತ್ತಿದ್ದೇನೆ. ಮಂಡ್ಯ ಸುತ್ತಲಿನ ಆಲೆಮನೆಗಳಲ್ಲಿ ಬೆಲ್ಲ ತುಂಬಿಕೊಂಡು ಮೈಸೂರು, ನಂಜನಗೂಡು, ಗುಂಡ್ಲುಪೇಟೆ ಮೇಲೆ ಕೇರಳದ ಸುಲ್ತಾನ್ ಬತ್ತೇರಿಗೆ ಹೋಗುವುದು ಕಾಯಂ ದಾರಿ. ವಿಷು ಹತ್ತಿರ ಬಂದಿದೆ, ವಾರಕ್ಕೆ ಮೂರು ಲೋಡ್ ಇದೆ.

ಮೂರು ವಾರದಿಂದ ಒಂದೇ ತೊಂದರೆ. ಮಂಡ್ಯದಿಂದ ಶ್ರೀರಂಗಪಟ್ಟಣದವರೆಗೆ ಟೆಂಪರೇಚರ್ ಮುಳ್ಳು ನಡುಗೆರೆಯಿಂದ ಕದಲುವುದಿಲ್ಲ. ಮೈಸೂರಿನ ರಿಂಗ್ ರಸ್ತೆಯಲ್ಲಿ ನಾಲ್ಕು ಸಿಗ್ನಲ್ ನಿಂತು ಹೊರಟರೆ ಏರತೊಡಗುತ್ತದೆ. ಬಂಡೀಪಾಳ್ಯದ ಎಪಿಎಂಸಿ ಹತ್ತಿರ ಗಾಡಿಗಳು ತೆವಳುವ ಹೊತ್ತಿಗೆ ಕೆಂಪು ಗೆರೆ ಮುಟ್ಟಿರುತ್ತದೆ. ಅದನ್ನು ದಾಟಿ ಐವತ್ತರ ವೇಗ ಸಿಕ್ಕರೆ ಹತ್ತು ನಿಮಿಷದಲ್ಲಿ ತಾನಾಗಿ ಇಳಿಯುತ್ತದೆ. ತಂಪು ಹೊತ್ತಿನಲ್ಲಿ ಓಡಿಸಿ ಎನ್ನಬಹುದು. ಆದರೆ ಆಲೆಮನೆಯಲ್ಲಿ ಲೋಡ್ ಮುಗಿಯುವುದೇ ಮಧ್ಯಾಹ್ನ, ಬಂಡೀಪುರದ ರಸ್ತೆ ರಾತ್ರಿ 9ಕ್ಕೆ ಮುಚ್ಚುತ್ತದೆ. ಬಿಸಿಲಿನಲ್ಲೇ ಮೈಸೂರು ದಾಟದೆ ನನಗೆ ಗತಿಯಿಲ್ಲ.

ಒಂದು ಗ್ಯಾರೇಜಿನಲ್ಲಿ ಬಿಸಿ ನೋಡಿ ನೀರಿನ ದಾರಿ ತೆರೆಯುವ ಥರ್ಮೋಸ್ಟಾಟ್, ವಾಟರ್ ಪಂಪ್ ಎರಡನ್ನೂ ಹೊಸದು ಹಾಕಿಸಿದೆ. 7,200 ರೂಪಾಯಿ ಹೋಯಿತು, ಗುಣ ಕಾಣಲಿಲ್ಲ. ಈಗ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲು) ಹೋಗಿದೆ, ಹೆಡ್ ಇಳಿಸಬೇಕು, 40 ಸಾವಿರ ಆಗುತ್ತದೆ ಎನ್ನುತ್ತಿದ್ದಾರೆ. ಟೈರಿಗೆಂದು ಎತ್ತಿಟ್ಟ ಹಣ ಅಷ್ಟೇ ಇರುವುದು. ಹೆಡ್ ಇಳಿಸುವ ಮೊದಲು ನೋಡಬೇಕಾದದ್ದು ಏನಾದರೂ ಉಳಿದಿದೆಯೇ? ತಿಳಿದವರು ದಯವಿಟ್ಟು ಹೇಳಿ.

ಟಿಪ್ಪರ್ ಚಾಲಕ, ಪಾಂಡವಪುರ:

ಅಣ್ಣ, ಆ ಥರ್ಮೋಸ್ಟಾಟನ್ನೇ ಕಿತ್ತು ಎಸೆಯಿರಿ. ನಮ್ಮ ಊರಿನ ಸೆಕೆಗೆ ಅದು ಬೇಕಿಲ್ಲ. ನೀರು ತಡೆಯಿಲ್ಲದೆ ಓಡಿದರೆ ಎಂಜಿನ್ ತಣ್ಣಗಿರುತ್ತದೆ. ನನ್ನ ಟಿಪ್ಪರಿನಲ್ಲಿ ತೆಗೆದು ಎರಡು ವರ್ಷವಾಯಿತು.

ಹಳೇ ಸ್ಪ್ಯಾನರ್, ಬನ್ನಿಮಂಟಪ:

ಬೆಲ್ಲದ ಲಾರಿಯವರೇ, ಹೆಡ್ ಮುಟ್ಟಲು ಬಿಡಬೇಡಿ. ಮೂವತ್ತೊಂದು ವರ್ಷದಿಂದ ಡೀಸೆಲ್ ಗಾಡಿಗಳ ಕೆಳಗೆ ಮಲಗಿ ಕೆಲಸ ಮಾಡಿದವನು ನಾನು. ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ. ಗಾಡಿ ಯಾವಾಗ ಕಾಯುತ್ತದೆ ಎಂಬುದೇ ಮೊದಲ ಪ್ರಶ್ನೆ. ಯಾವ ಭಾಗ ಬದಲಿಸಬೇಕು ಎಂಬುದು ಆಮೇಲಿನದು.

ಲೋಡ್ ಎಳೆದುಕೊಂಡು ವೇಗವಾಗಿ ಹೋಗುವಾಗ, ಏರು ಹತ್ತುವಾಗ ಕಾದರೆ ನೀರಿನ ಕಡೆ ಅನುಮಾನ ಪಡಬೇಕು: ರೇಡಿಯೇಟರ್ ಕೊಳವೆಗಳೊಳಗೆ ಪದರ ಕಟ್ಟಿರುವುದು, ಪಂಪ್ ಸವೆದಿರುವುದು, ಪಂಪಿನ ಎಳೆತಕ್ಕೆ ಕೆಳಗಿನ ಹೋಸ್ ಒಳಕ್ಕೆ ಕುಗ್ಗುವುದು. ನಿಂತಾಗ ಮಾತ್ರ ಕಾದು, ಓಡಿದರೆ ತಣ್ಣಗಾದರೆ ಗಾಳಿಯ ಕಡೆ ನೋಡಬೇಕು. ಓಡುವಾಗ ಎದುರುಗಾಳಿ ತಾನಾಗಿ ರೇಡಿಯೇಟರ್ ಒಳಗೆ ನುಗ್ಗುತ್ತದೆ. ನಿಂತಾಗ ಆ ಕೆಲಸವೆಲ್ಲ ಫ್ಯಾನಿನದು. ಗ್ಯಾಸ್ಕೆಟ್ ಹೋದ ಎಂಜಿನ್ ಸಿಗ್ನಲ್ ನೋಡಿಕೊಂಡು ಕಾಯುವುದಿಲ್ಲ. ಲೋಡ್ ಬಿದ್ದಾಗಲೇ ಅದರ ಬಣ್ಣ ಬಯಲಾಗುತ್ತದೆ. ನೀರು ಕಡಿಮೆಯಾಗುತ್ತಾ ಬರುತ್ತದೆ, ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತದೆ.

ತಮ್ಮ, ಟಿಪ್ಪರಿನವರೇ, ನಿಮ್ಮ ಮೇಲೆ ಸಿಟ್ಟಿಲ್ಲ, ಆದರೆ ಆ ಸಲಹೆ ಬೇಡ. ಇಂಥ ಎಷ್ಟೋ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಪೂರ್ತಿ ತೆರೆದಾಗ ಅದರ ತಳದ ಬಿಲ್ಲೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಥರ್ಮೋಸ್ಟಾಟ್ ತೆಗೆದರೆ ಬೈಪಾಸ್ ಸದಾ ತೆರೆದಿರುತ್ತದೆ. ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ನೇರ ಎಂಜಿನ್‌ಗೇ ಮರಳುತ್ತದೆ. ಬೇಸಿಗೆಯಲ್ಲಿ ಅದು ಇನ್ನಷ್ಟು ಕಾಯುತ್ತದೆ, ಚಳಿಗಾಲದ ಬೆಳಿಗ್ಗೆ ಬೇಗ ಬಿಸಿಯಾಗದೆ ಸಿಲಿಂಡರ್ ಸವೆಯುತ್ತದೆ.

ಬೆಲ್ಲದ ಲಾರಿಯವರೇ, ಖರ್ಚಿಲ್ಲದ ನಾಲ್ಕು ಕೆಲಸ ಮಾಡಿ ನೋಡಿ.

ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಮುಚ್ಚಳ ತೆಗೆದು ನೀರು ನೋಡಿ. ಕಡಿಮೆಯಾಗಿದೆಯೇ, ಎಣ್ಣೆ ತೇಲುತ್ತಿದೆಯೇ? ಹಾಗೆಯೇ ಸ್ಟಾರ್ಟ್ ಮಾಡಿ ಎರಡು ನಿಮಿಷ ಗುಳ್ಳೆ ಬರುತ್ತದೆಯೇ ಗಮನಿಸಿ. ಬಿಸಿ ಇರುವಾಗ ಆ ಮುಚ್ಚಳಕ್ಕೆ ಕೈ ಹಾಕಬೇಡಿ. ನನ್ನ ಬಲಗೈ ಮೊಣಕೈಯವರೆಗೆ ಇಂದಿಗೂ ಚರ್ಮ ಬೇರೆ ಬಣ್ಣದಲ್ಲಿದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ನೀರು 97-98 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳದ ಸ್ಪ್ರಿಂಗ್ ಹಿಡಿದಿಡುವ ಒತ್ತಡವೇ ಅದನ್ನು ತಡೆಯುವುದು. ತಿರುಗಿಸಿದ ಕ್ಷಣ ಎಲ್ಲವೂ ಮುಖಕ್ಕೆ ಬರುತ್ತದೆ.

ಎರಡನೆಯದು, ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿ ಓಡುತ್ತಿರುವಾಗ ದಿನಪತ್ರಿಕೆಯ ಒಂದು ಹಾಳೆಯನ್ನು ಮುಂದಿನ ಜಾಲರಿಗೆ ಹಿಡಿದು ಕೈಬಿಡಿ. ಫ್ಯಾನ್ ಎಳೆತಕ್ಕೆ ಹಾಳೆ ಅಂಟಿಕೊಂಡೇ ಇರಬೇಕು. ಮೇಲೆ, ಕೆಳಗೆ, ಎಡ, ಬಲ, ಎಲ್ಲ ಕಡೆ ಹಿಡಿದು ನೋಡಿ. ಫ್ಯಾನ್ ಕಡೆಯಿಂದಲ್ಲ, ಮುಂಭಾಗದಿಂದ ಮಾತ್ರ.

ಮೂರನೆಯದು ಫ್ಯಾನ್ ಕ್ಲಚ್, ಅಂದರೆ ಫ್ಯಾನನ್ನು ಎಂಜಿನ್‌ಗೆ ಹಿಡಿಸಿ ಬಿಡಿಸುವ ಭಾಗ. ಫ್ಯಾನಿನ ನಡುವೆ ಮುಂಭಾಗದಲ್ಲಿ ಸುರುಳಿ ಸುತ್ತಿದ ಒಂದು ಪಟ್ಟಿ ಇರುತ್ತದೆ, ದೊಡ್ಡ ಗಡಿಯಾರದ ಸ್ಪ್ರಿಂಗ್ ಇದ್ದ ಹಾಗೆ. ರೇಡಿಯೇಟರಿನಿಂದ ಬರುವ ಬಿಸಿಗಾಳಿ ತಾಗಿದಾಗ ಅದು ತಿರುಚಿಕೊಂಡು ಒಳಗಿನ ಸಿಲಿಕೋನ್ ದ್ರವಕ್ಕೆ ದಾರಿ ಬಿಡುತ್ತದೆ, ಆಗ ಫ್ಯಾನ್ ಬಿಗಿಯಾಗಿ ತಿರುಗುತ್ತದೆ. ಕಾದ ಎಂಜಿನ್ ಆಫ್ ಮಾಡಿದ ಕೂಡಲೇ ಫ್ಯಾನ್ ನಿಲ್ಲಬೇಕು. ಹಾಯಾಗಿ ಏಳೆಂಟು ಸುತ್ತು ಹೊಡೆದರೆ ಕ್ಲಚ್ ಹಿಡಿಯುತ್ತಿಲ್ಲ. ಕ್ಲಚ್ಚಿನ ನಡುಭಾಗದ ಸುತ್ತ ಎಣ್ಣೆಗೆ ಧೂಳು ಮೆತ್ತಿದ್ದರೆ ದ್ರವ ಸೋರಿದೆ. ಜೊತೆಗೆ ಬೆಲ್ಟ್ ಸಡಿಲವೇ, ಫ್ಯಾನ್ ಸುತ್ತಲಿನ ಹೊದಿಕೆ, ಅಂದರೆ ಶ್ರೌಡ್, ಒಡೆದಿದೆಯೇ ನೋಡಿ.

ಕೊನೆಯದು, ಯಾರ ಬಳಿಯಾದರೂ ಬಿಸಿ ಅಳೆಯುವ ಗನ್ ಇದ್ದರೆ ರೇಡಿಯೇಟರಿನ ಮೇಲಿನ ಹೋಸ್, ಕೆಳಗಿನ ಹೋಸ್ ಎರಡಕ್ಕೂ ಹಿಡಿದು ಬರೆದುಕೊಳ್ಳಿ. ರಬ್ಬರಿನ ಮೇಲೇ ಹಿಡಿಯಿರಿ, ಹೊಳೆಯುವ ಅಲ್ಯೂಮಿನಿಯಂ ಮೇಲೆ ಹಿಡಿದರೆ ಅದು ಕಡಿಮೆ ತೋರಿಸಿ ದಾರಿ ತಪ್ಪಿಸುತ್ತದೆ.

ಕೆಂಪು ಬಸ್, ನಿವೃತ್ತ:

ಸ್ಪ್ಯಾನರ್ ಯಜಮಾನರು ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಹೆಡ್‌ಲೈಟ್ ಹಾಕಿದ ಕೂಡಲೇ ಮುಳ್ಳು ಮೇಲಕ್ಕೆ ಹಾರುತ್ತದೆಯೇ ನೋಡಿ. ಹಾಗಾದರೆ ಎಂಜಿನ್ ಕಾಯುತ್ತಿಲ್ಲ, ಅರ್ತ್ ತಂತಿ ಕೆಟ್ಟಿದೆ. ನಾನು ಓಡಿಸುತ್ತಿದ್ದ ಒಂದು ಬಸ್ಸಿನಲ್ಲಿ ಇದು ಗೊತ್ತಾಗುವಷ್ಟರಲ್ಲಿ ರೇಡಿಯೇಟರನ್ನೇ ಬಿಚ್ಚಿಟ್ಟಿದ್ದರು.

ಇನ್ನು ಮಂಡ್ಯ ಕಡೆಯ ಕೊಳವೆಬಾವಿ ನೀರನ್ನು ರೇಡಿಯೇಟರಿಗೆ ಸುರಿಯುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಮನೆಯ ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರ ಕಟ್ಟುವುದನ್ನು ನೋಡಿಲ್ಲವೇ, ಅದೇ ಎಂಜಿನ್ ಒಳಗೂ ಕಟ್ಟುತ್ತದೆ.

ಬೆಲ್ಲದ ಲಾರಿ, ಮಂಡ್ಯ:

ಯಜಮಾನರೇ, ಎಲ್ಲವನ್ನೂ ಮಾಡಿದೆ. ನೀರು ಕಡಿಮೆಯಾಗಿಲ್ಲ, ಗುಳ್ಳೆ ಇಲ್ಲ, ಎಣ್ಣೆ ಇಲ್ಲ. ಹೆಡ್‌ಲೈಟ್ ಹಾಕಿದರೆ ಮುಳ್ಳು ಅಲುಗುವುದಿಲ್ಲ. ಬೆಲ್ಟ್ ಬಿಗಿ ಇದೆ, ಶ್ರೌಡ್ ಇಡಿಯಾಗಿದೆ. ಬಂಡೀಪಾಳ್ಯದಲ್ಲಿ ಗಾಡಿ ಬದಿಗೆ ನಿಲ್ಲಿಸಿ ಅಳೆದಾಗ ಮೇಲಿನ ಹೋಸ್ 103, ಕೆಳಗಿನದು 99 ಇತ್ತು. ಆಫ್ ಮಾಡಿದ ಮೇಲೆ ಫ್ಯಾನ್ ಐದಾರು ಸುತ್ತು ತಿರುಗಿ ನಿಂತಿತು.

ಹಾಳೆಯದ್ದೇ ನನಗೆ ಆಶ್ಚರ್ಯ. ಜಾಲರಿಯ ಮೇಲ್ಭಾಗದಲ್ಲಿ ಅಂಟಿ ನಿಲ್ಲುತ್ತದೆ. ಸೊಂಟದ ಮಟ್ಟದಿಂದ ಕೆಳಗೆ ಎಲ್ಲಿ ಹಿಡಿದರೂ ಜಾರಿ ಬೀಳುತ್ತದೆ. ಆದರೆ ಮುಂದಿನಿಂದ ನೋಡಿದರೆ ಎಲ್ಲ ಶುಭ್ರವಾಗಿದೆ. ಪ್ರತಿ ತಿಂಗಳೂ ಸರ್ವಿಸ್ ಸ್ಟೇಷನ್ನಿನಲ್ಲಿ ಜೋರು ನೀರು ಹೊಡೆಸುತ್ತೇನೆ.

ಹಳೇ ಸ್ಪ್ಯಾನರ್, ಬನ್ನಿಮಂಟಪ:

ಸಿಕ್ಕಿತು. ಮೇಲಿನದು 103, ಕೆಳಗಿನದು 99 ಎಂದರೆ ನೀರು ಚೆನ್ನಾಗಿ ಹರಿಯುತ್ತಿದೆ, ಆದರೆ ರೇಡಿಯೇಟರಿನಲ್ಲಿ ಬಿಸಿಯನ್ನು ಇಳಿಸಿ ಬರುತ್ತಿಲ್ಲ. ನೀರಿನ ಹರಿವು ಕಡಿಮೆಯಾಗಿದ್ದರೆ ಕೆಳಗಿನ ಹೋಸ್ ಬಹಳ ತಣ್ಣಗಿರುತ್ತಿತ್ತು. ಕೆಳಭಾಗದಲ್ಲಿ ಗಾಳಿಗೆ ಅಡ್ಡ ಏನೋ ಕೂತಿದೆ.

ನೀವು ನೋಡುತ್ತಿರುವುದು ಇಂಟರ್‌ಕೂಲರಿನ ಮುಖ. ಕಸ ಇರುವುದು ಅದರ ಬೆನ್ನಿಗೂ ರೇಡಿಯೇಟರಿನ ಮುಖಕ್ಕೂ ನಡುವಿನ ಸಂದಿಯಲ್ಲಿ. ಲೋಡ್ ಮಾಡುವಾಗ ಆಲೆಮನೆ ಅಂಗಳದಲ್ಲಿ ಎಂಜಿನ್ ಓಡುತ್ತಲೇ ಇರುತ್ತದೆಯೇ? ಒಲೆಗೆ ಹಾಕಲು ಒಣಹಾಕಿದ ಕಬ್ಬಿನ ಸಿಪ್ಪೆ ಸುತ್ತಲೂ ಹರಡಿರುತ್ತದೆಯಲ್ಲ, ಅದರ ನಾರನ್ನು ಫ್ಯಾನ್ ಒಳಗೆ ಎಳೆದುಕೊಳ್ಳುತ್ತದೆ. ಮುಂದಿನಿಂದ ಜೋರು ನೀರು ಹೊಡೆದಷ್ಟೂ ನಾರು ಆಳಕ್ಕೆ ಹೋಗಿ ಗಿಡಿದುಕೊಳ್ಳುತ್ತದೆ.

ಇಂಟರ್‌ಕೂಲರಿನ ಬೋಲ್ಟ್ ಸಡಿಲಿಸಿ ಮುಂದಕ್ಕೆ ವಾಲಿಸಿ. ಕೈಯಿಂದ ಬರುವಷ್ಟನ್ನು ಮೊದಲು ತೆಗೆಯಿರಿ. ಆಮೇಲೆ ಎಂಜಿನ್ ಕಡೆಯಿಂದ ಮುಂದಕ್ಕೆ, ಅಂದರೆ ಗಾಳಿ ಬಂದ ದಾರಿಗೆ ಎದುರಾಗಿ, ಕಡಿಮೆ ಒತ್ತಡದಲ್ಲಿ ನೀರು ಬಿಡಿ. ಕಂಪ್ರೆಸರಿನ ಪೂರ್ತಿ ಒತ್ತಡ ಹಾಕಿದರೆ ರೇಡಿಯೇಟರಿನ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ. ಫ್ಯಾನ್ ಕ್ಲಚ್ ಈಗಲೇ ಕೊಳ್ಳಬೇಡಿ. ಸುರುಳಿಪಟ್ಟಿಗೆ ಬಿಸಿಗಾಳಿ ತಾಗಿದರೆ ತಾನೇ ಅದು ಹಿಡಿಯುವುದು? ಗಾಳಿಯೇ ಬಾರದಿದ್ದರೆ ಪಾಪ ಅದೇನು ಮಾಡೀತು. ಬ್ರಷ್‌ನಿಂದ ಅದರ ಮಣ್ಣು ಬಿಡಿಸಿ, ಬಳಿಕ ಮತ್ತೆ ಪರೀಕ್ಷಿಸಿ.

ಬೆಲ್ಲದ ಲಾರಿ, ಮಂಡ್ಯ:

ಯಜಮಾನರೇ, ನಿನ್ನೆ ಭಾನುವಾರ ನಾನೂ ನನ್ನ ಕ್ಲೀನರ್ ಹುಡುಗನೂ ಸೇರಿ ಬಿಚ್ಚಿದೆವು. ಇಂಟರ್‌ಕೂಲರ್ ವಾಲಿದ ಕೂಡಲೇ ಹುಡುಗ ಕಂಬಳಿ ಸಿಕ್ಕಿಕೊಂಡಿದೆ ಎಂದು ಕೂಗಿದ. ನಿಜವಾಗಿಯೂ ಕಂಬಳಿಯ ಹಾಗೆಯೇ ಇತ್ತು. ಬೆರಳಿನ ದಪ್ಪ, ಒಂದು ಗೇಣಿಗಿಂತ ಹೆಚ್ಚು ಎತ್ತರ, ರೇಡಿಯೇಟರಿನ ಈ ತುದಿಯಿಂದ ಆ ತುದಿಗೆ. ಕಬ್ಬಿನ ನಾರು, ಹುಲ್ಲು, ಹುಳುಗಳ ರೆಕ್ಕೆ ಎಲ್ಲ ಹೆಣೆದುಕೊಂಡಿದ್ದವು. ಅಂಚು ಹಿಡಿದು ಎಳೆದರೆ ಇಡಿಯಾಗಿ ಸುಲಿದು ಬಂತು. ಕೈಗೆ ಎಣ್ಣೆ ಎಣ್ಣೆಯಾಗಿ ಅಂಟುತ್ತಿತ್ತು.

ಇವತ್ತು ಅದೇ ಲೋಡ್, ಅದೇ ಹೊತ್ತು. ಬಂಡೀಪಾಳ್ಯದಲ್ಲಿ ಇಪ್ಪತ್ತು ನಿಮಿಷ ತೆವಳಿದೆ. ಮುಳ್ಳು ನಡುಗೆರೆಯಿಂದ ಒಂದು ಕೂದಲೆಳೆ ಏರಿತು, ಅಷ್ಟೇ. ಮೇಲಿನ ಹೋಸ್ 91, ಕೆಳಗಿನದು 80. ಫ್ಯಾನ್ ಗರ್ಜಿಸುವ ಸದ್ದು ಕೇಳಿಸಿತು. ಆ ಸದ್ದು ಇತ್ತೀಚೆಗೆ ಇರಲಿಲ್ಲ ಎಂಬುದು ಕೇಳಿದ ಮೇಲೇ ನೆನಪಾಯಿತು. ನಿಮಗೆ ಹೇಗೆ ಕೃತಜ್ಞತೆ ಹೇಳಲಿ ತಿಳಿಯುತ್ತಿಲ್ಲ. ಜಾಲರಿಗೆ ಸೊಳ್ಳೆಪರದೆ ಕಟ್ಟಿದರೆ ನಾರು ತಡೆಯುತ್ತದೆಯೇ?

ಹಳೇ ಸ್ಪ್ಯಾನರ್, ಬನ್ನಿಮಂಟಪ:

ಬಹಳ ಸಂತೋಷವಾಯಿತು. ಪರದೆಯೂ ಗಾಳಿಗೆ ಅಡ್ಡವೇ. ಆಲೆಮನೆ ಅಂಗಳಕ್ಕೆ ಇಳಿಯುವಾಗ ಕಟ್ಟಿ, ರಸ್ತೆಗೆ ಬಂದ ಕೂಡಲೇ ಬಿಚ್ಚಿ ಒದರಿಡಿ. ಅದಕ್ಕಿಂತ ಲೋಡ್ ಮಾಡುವಾಗ ಎಂಜಿನ್ ಆಫ್ ಮಾಡುವುದು ಒಳ್ಳೆಯದು.

ಎಣ್ಣೆ ಅಂಟುತ್ತಿತ್ತು ಎಂದಿರಲ್ಲ, ಅದನ್ನು ಬಿಡಬೇಡಿ. ಟರ್ಬೊದಿಂದ ಇಂಟರ್‌ಕೂಲರಿಗೆ ಬರುವ ಹೋಸಿನ ಕ್ಲಿಪ್ಪಿನ ಬಳಿ ಬೆರಳು ಆಡಿಸಿ ನೋಡಿ. ಅಲ್ಲಿ ಒದ್ದೆಯಿದ್ದರೆ ಒತ್ತಡದ ಗಾಳಿಯ ಜೊತೆ ಎಣ್ಣೆ ಸೋರಿ ಕಸಕ್ಕೆ ಅಂಟು ಹಾಕುತ್ತಿದೆ. ಕ್ಲಿಪ್ ಬದಲಿಸಿ, ಒಂದು ಟ್ರಿಪ್ ಓಡಿಸಿ ಬಂದು ಮತ್ತೊಮ್ಮೆ ಬಿಗಿ ಮಾಡಿ. ಹೋಸ್ ಬಾಯಿ ಬಿರುಕು ಬಿಟ್ಟಿದ್ದರೆ ಅದನ್ನೂ ಬದಲಿಸಬೇಕಾಗುತ್ತದೆ. ನೋಡಿದ ಮೇಲೆ ಬರೆಯಿರಿ.