ಪದಚರ್ಚೆ: ‘ಟ್ರ್ಯಾಕ್’ ಮತ್ತು ‘ಶೇರ್’ಗೆ ಕನ್ನಡದಲ್ಲಿ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಜಿಯೋಕ್ಯಾಶಿಂಗ್ ಆಡುವ ನಮ್ಮದೊಂದು ಸಣ್ಣ ಗುಂಪಿದೆ. ಯಾರೋ ಒಂದು ಡಬ್ಬಿ ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶವನ್ನು ಸೈಟಿಗೆ ಹಾಕುತ್ತಾರೆ, ಉಳಿದವರು ಜಿಪಿಎಸ್ ಹಿಡಿದು ಹುಡುಕಿ ಒಳಗಿರುವ ಚೀಟಿಯಲ್ಲಿ ಹೆಸರು ಬರೆದು ಬರುತ್ತಾರೆ, ಅಷ್ಟೇ ಆಟ. ಸಾಮಾನ್ಯ ಜನರ ಜಿಪಿಎಸ್ ಸರಿಯಾದ ಜಾಗ ತೋರಿಸದಂತೆ ಅಮೆರಿಕ ಹಾಕಿದ್ದ ತಡೆಯನ್ನು 2000ರ ಮೇ ತಿಂಗಳಲ್ಲಿ ತೆಗೆದರು. ಆಮೇಲೆ ಒಂದೆರಡು ದಿನಕ್ಕೇ ಒರೆಗಾನ್‌ನಲ್ಲಿ ಇದು ಶುರುವಾಯಿತು.

ಗುಂಪಿನ ಸೈಟಿಗೆ ನಿಯಮಗಳ ಪುಟವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಡಬ್ಬಿಗೆ ‘ನಿಧಿ’ ಅನ್ನಬಾರದು ಅಂತ ಆಗಲೇ ತೀರ್ಮಾನಿಸಿದ್ದೇವೆ. ಮೇಲುಕೋಟೆಯಲ್ಲೋ ಶ್ರೀರಂಗಪಟ್ಟಣದಲ್ಲೋ ನಿಂತು ‘ನಿಧಿ ಹುಡುಕ್ತಾ ಇದೀವಿ’ ಅಂದರೆ ನಿಧಿಗಳ್ಳರು ಅಂತ ಹಿಡಿದು ಕೂರಿಸುತ್ತಾರೆ, ಅಲ್ವಾ? ಈ ಆಟದಲ್ಲಿ ನೆಲ ಅಗೆಯುವ ಹಾಗೇ ಇಲ್ಲ. ಡಬ್ಬಿ ಡಬ್ಬಿಯಾಗಿಯೇ ಇರಲಿ.

ತೊಡಕು ಇರುವುದು ‘ಟ್ರ್ಯಾಕ್’ನಲ್ಲಿ. ಒಂದೇ ಪುಟದಲ್ಲಿ ಅದು ಮೂರು ಕಡೆ ಬರುತ್ತದೆ. ನಾವು ನಡೆದ ದಾರಿಯನ್ನು ಜಿಪಿಎಕ್ಸ್ ಅನ್ನುವ, ಜಿಪಿಎಸ್ ಮಾಹಿತಿ ಇಡುವ ಫೈಲಿನಲ್ಲಿ ಉಳಿಸಿದರೆ ಅದು ಟ್ರ್ಯಾಕ್. ನಂಬರ್ ಇರುವ ಬಿಲ್ಲೆಯೊಂದು ಡಬ್ಬಿಯಿಂದ ಡಬ್ಬಿಗೆ ಊರೂರು ಸುತ್ತುತ್ತದೆ, ಅದು ಟ್ರ್ಯಾಕಬಲ್. ಸೈಟಿಗೆ ಬಂದವರ ಐಪಿ ವಿಳಾಸ, ಯಾವ ಪುಟ ನೋಡಿದರು, ಎಲ್ಲಿಂದ ಬಂದರು ಅನ್ನುವುದನ್ನೆಲ್ಲ ಅವರ ಬ್ರೌಸರಿನಲ್ಲಿ ಕುಕೀ ಅನ್ನುವ ಸಣ್ಣ ಗುರುತಿನ ಫೈಲು ಹಾಕಿ ಬರೆದಿಟ್ಟುಕೊಳ್ಳುವುದು ಟ್ರ್ಯಾಕಿಂಗ್. ಮೊದಲನೆಯದಕ್ಕೆ ‘ಜಾಡು’ ಚೆನ್ನಾಗಿ ಕೂರುತ್ತದೆ. ಬಿಲ್ಲೆಗೆ ‘ಅಲೆಮಾರಿ ಬಿಲ್ಲೆ’ ಅಂದರೆ ಹೇಗೆ? ಮೂರನೆಯದಕ್ಕೇ ಪದ ಸಿಗುತ್ತಿಲ್ಲ. ‘ಹಿಂಬಾಲಿಸು’ ಅನ್ನೋಣ ಅಂದರೆ ಅದನ್ನು ಸೋಶಿಯಲ್ ಮೀಡಿಯಾದವರು ಫಾಲೋ ಮಾಡುವುದಕ್ಕೆ ಎತ್ತಿಕೊಂಡಿದ್ದಾರೆ. ‘ನಿಗಾ’ ಅಂದರೆ ಆಸ್ಪತ್ರೆಯ ತೀವ್ರ ನಿಗಾ ಘಟಕ ನೆನಪಾಗುತ್ತದೆ, ಏನೋ ನಮ್ಮ ಒಳ್ಳೆಯದಕ್ಕೇ ನೋಡಿಕೊಳ್ಳುತ್ತಿದ್ದಾರೆ ಅನ್ನುವ ಹಾಗೆ. ‘ಕಣ್ಗಾವಲು’ ಜಾಸ್ತಿ ಆಯಿತು. ಸದ್ಯಕ್ಕೆ ‘ನೀವು ಸೈಟಿನಲ್ಲಿ ಏನೇನು ನೋಡಿದಿರಿ ಅಂತ ಬರೆದಿಟ್ಟುಕೊಳ್ಳುತ್ತೇವೆ’ ಅಂತ ಬಿಡಿಸಿ ಬರೆದಿದ್ದೇನೆ. ಉದ್ದ ಆಯಿತು, ಆದರೆ ಅರ್ಥ ಆಗುತ್ತದೆ.

ಇನ್ನು ‘ಶೇರ್’. ‘ನಿಮ್ಮ ಮಾಹಿತಿಯನ್ನು ಪಾಲುದಾರರೊಂದಿಗೆ ಹಂಚಿಕೊಳ್ಳುತ್ತೇವೆ’ ಅಂತ ಎಲ್ಲ ಕಡೆ ಬರೆಯುತ್ತಾರೆ. ನನಗೆ ಇದು ಅಣ್ಣತಮ್ಮಂದಿರು ಜಮೀನು ಹಂಚಿಕೊಂಡ ಹಾಗೆ ಕೇಳಿಸುತ್ತದೆ. ಸ್ವತ್ತು ನನ್ನದು, ಪಾಲು ಮಾಡಿಕೊಳ್ಳುವವರು ಅವರು! ಅಲ್ಲಿ ನಡೆಯುವುದು ನನ್ನ ಮಾಹಿತಿಯ ನಕಲನ್ನು ಮೂರನೆಯವರಿಗೆ ಕೊಡುವುದು. ‘ಕೊಡುತ್ತೇವೆ’ ಅಂತಲೇ ಬರೆದರೆ ಏನು ಕಷ್ಟ?

ಡಬ್ಬಿಗಳ ವಿವರಕ್ಕೆ ಬಂದರೆ ಬೇರೆ ಥರ. ಸಿಯಾಟಲ್‌ನ ಈ ಆಟದ ದೊಡ್ಡ ಸೈಟಿನಿಂದ ಇಳಿಸಿಕೊಂಡ ಫೈಲು ನಮ್ಮ ಸ್ವಂತ ಬಳಕೆಗೆ ಮಾತ್ರ, ಅದನ್ನು ಇನ್ನೊಂದು ಸೈಟಿಗೆ ಹಾಕುವ ಹಾಗಿಲ್ಲ. ಇದೇ ಆಟದ ಇನ್ನೊಂದು ಸೈಟಾದ ಜರ್ಮನಿಯ ಓಪನ್‌ಕ್ಯಾಶಿಂಗ್‌ನವರು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಕೊಟ್ಟಿದ್ದಾರೆ: ಹೆಸರು ಹೇಳಿ, ದುಡ್ಡು ಮಾಡದೆ, ತಿದ್ದದೆ ಬೇರೆಯವರಿಗೂ ಕೊಡಬಹುದು. ಸಿಕ್ಕಿದವರಿಗೆಲ್ಲ ಕೊಡುವುದಕ್ಕೆ ‘ಹಂಚು’ ಸರಿ, ಹಾಗಾಗಿ ಸಿಯಾಟಲ್ ಸೈಟಿನದಕ್ಕೆ ‘ಫೈಲನ್ನು ಹಂಚಬೇಡಿ’ ಅಂತ ಹಾಕಿದ್ದೇನೆ. ‘ಹಂಚಿಕೊಳ್ಳಬೇಡಿ’ ಅಂದರೆ ಜೊತೆಯಲ್ಲಿ ಹುಡುಕಲು ಬಂದ ಗೆಳೆಯನಿಗೆ ನನ್ನ ಫೋನಿನಲ್ಲಿ ತೋರಿಸುವುದೂ ತಪ್ಪು ಅನ್ನಿಸಿಬಿಡುತ್ತದೆ.

ಸುಮ್ನೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀರಿ ಅಂತ ಕೇಳಬಹುದು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ 8ನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದಿಕೊಳ್ಳುವ ಆಯ್ಕೆ ಇರಬೇಕು. ಕನ್ನಡವೂ ಆ ಪಟ್ಟಿಯಲ್ಲಿದೆ. ಅಂದಮೇಲೆ ಈ ಪದಗಳು ಬರೀ ನಮ್ಮ ಗುಂಪಿನ ತಲೆನೋವಲ್ಲ.

ನಿಮ್ಮ ಕಡೆ ‘ಹಂಚು’, ‘ಹಂಚಿಕೊಳ್ಳು’ ಎರಡಕ್ಕೂ ಇದೇ ವ್ಯತ್ಯಾಸ ಇದೆಯಾ? ಧಾರವಾಡ, ಮಂಗಳೂರಿನವರು ದಯವಿಟ್ಟು ಹೇಳಿ. ಮತ್ತೆ ಆ ಮೂರನೆಯ ಟ್ರ್ಯಾಕಿಂಗ್‌ಗೆ ಒಂದೇ ಪದ ಹೊಳೆದರೆ ತಿಳಿಸಿ, ಪುಟದ ಮೇಲ್ಗಡೆ ತಲೆಬರಹಕ್ಕೆ ಬೇಕಾಗಿದೆ.